ನವರಂಗ ಯಾರ ಬಳಗದ ಹಕ್ಕಿ?

ಓದುಗರ ಪ್ರಶ್ನೆ, ಪಕ್ಷಿತಜ್ಞರ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ನವರಂಗ (ಇಂಗ್ಲಿಷಿನಲ್ಲಿ ಇಂಡಿಯನ್ ಪಿಟ್ಟಾ) ಮತ್ತು ಅದು ಸೇರಿದ ಪಿಟ್ಟಾ ಕುಲದ ಬಗ್ಗೆಯೇ ಇವೆ. ಓದುವ ಮುನ್ನ ಮೂರು ಪದ ನೆನಪಿರಲಿ. ಒಂದೇ ಬಗೆಯ ಹಕ್ಕಿಗಳದು ಒಂದು ಪ್ರಭೇದ. ಹತ್ತಿರದ ಪ್ರಭೇದಗಳು ಸೇರಿ ಕುಲ, ಹತ್ತಿರದ ಕುಲಗಳು ಸೇರಿ ಕುಟುಂಬ. ವೈಜ್ಞಾನಿಕ ಹೆಸರಿನ ಮೊದಲ ಪದ ಕುಲದ್ದು, ಎರಡನೆಯದು ಪ್ರಭೇದದ್ದು.

ಪ್ರಶ್ನೆ: ಪಿಟ್ಟಾ ಎಂಬುದು ಲ್ಯಾಟಿನ್ ಪದವೇ? ಪುಸ್ತಕವೊಂದರಲ್ಲಿ ನವರಂಗದ ವೈಜ್ಞಾನಿಕ ಹೆಸರಿನ ಪಕ್ಕ ‘ಲಿನೇಯಸ್, 1766’ ಎಂದು ಕಂಸದೊಳಗೆ ಅಚ್ಚಾಗಿದೆ. ಆಫ್ರಿಕಾದ ಪಿಟ್ಟಾದ ಹೆಸರಿಗೆ ಕಂಸವೇ ಇಲ್ಲ. ಇದು ಅಚ್ಚಿನ ತಪ್ಪೆ?

ಪಿಟ್ಟಾ ನಮ್ಮ ನೆರೆಮನೆಯ ಪದ. ತೆಲುಗಿನಲ್ಲಿ ‘ಪಿಟ್ಟ’ ಎಂದರೆ ಪುಟ್ಟ ಹಕ್ಕಿ. ಫ್ರಾನ್ಸಿನ ಪಕ್ಷಿತಜ್ಞ ಲೂಯಿ ವಿಯೇಯೊ 1816ರಲ್ಲಿ ಅದನ್ನೇ ಕುಲದ ಹೆಸರಾಗಿ ತೆಗೆದುಕೊಂಡರು. ತೆಲುಗರು ನವರಂಗವನ್ನು ಇಂದಿಗೂ ‘ಪೊನ್ನಂಕಿ ಪಿಟ್ಟ’ ಎನ್ನುತ್ತಾರೆ. ಹೀಗೆ ಆಫ್ರಿಕಾ, ಜಪಾನ್, ಆಸ್ಟ್ರೇಲಿಯಾಗಳ ಹಕ್ಕಿಗಳೂ ಇವತ್ತು ತೆಲುಗಿನ ಹೆಸರು ಹೊತ್ತಿವೆ.

ಕಂಸದ ವಿಷಯದಲ್ಲಿ ಮುದ್ರಕರ ತಪ್ಪಿಲ್ಲ. ಸ್ವೀಡನ್ನಿನ ಜೀವಿವಿಜ್ಞಾನಿ ಲಿನೇಯಸ್ 1766ರಲ್ಲಿ ನವರಂಗವನ್ನು ಕಾಗೆಯ ಕುಲಕ್ಕೆ ಸೇರಿಸಿ ‘ಕಾರ್ವಸ್ ಬ್ರಾಕಿಯೂರಸ್’ ಎಂದು ಕರೆದಿದ್ದರು. ಬ್ರಾಕಿಯೂರಸ್ ಎಂದರೆ ಮೋಟುಬಾಲದ್ದು. ಮುಂದೆ ಹಕ್ಕಿ ಕಾಗೆಗಳ ಕುಲ ಬಿಟ್ಟು ಪಿಟ್ಟಾ ಕುಲಕ್ಕೆ ಬಂತು. ಮೊದಲು ಹೆಸರಿಟ್ಟವರು ಇಟ್ಟ ಕುಲದಲ್ಲಿ ಪ್ರಭೇದ ಈಗ ಇಲ್ಲದಿದ್ದರೆ ಅವರ ಹೆಸರು ಮತ್ತು ವರ್ಷವನ್ನು ಕಂಸದೊಳಗೆ ಬರೆಯಬೇಕೆಂಬುದು ಪ್ರಾಣಿನಾಮಕರಣದ ನಿಯಮ. ಆಫ್ರಿಕಾದ ಪಿಟ್ಟಾ ಅಂಗೊಲೆನ್ಸಿಸ್ ಅನ್ನು ವಿಯೇಯೊ ಮೊದಲೇ ಪಿಟ್ಟಾ ಕುಲದಲ್ಲಿ ಇಟ್ಟಿದ್ದರು, ಅದು ಅಲ್ಲೇ ಉಳಿಯಿತು. ಹಾಗಾಗಿ ಕಂಸ ಬೇಕಾಗಲಿಲ್ಲ. ಆ ಎರಡು ಗೆರೆಗಳು ಹಕ್ಕಿ ಮನೆ ಬದಲಿಸಿದೆ ಎಂಬುದನ್ನು ಹೇಳುತ್ತವೆ.

ಹೆಸರಿನ ಕೊನೆಯನ್ನೂ ಗಮನಿಸಿ. ಲ್ಯಾಟಿನ್ ವ್ಯಾಕರಣದಂತೆ ಕಾರ್ವಸ್ ಪುಲ್ಲಿಂಗ, ಪಿಟ್ಟಾ ಸ್ತ್ರೀಲಿಂಗ. ಅದಕ್ಕೇ ಬ್ರಾಕಿಯೂರಸ್ ಹೋಗಿ ‘ಪಿಟ್ಟಾ ಬ್ರಾಕಿಯೂರಾ’ ಆಯಿತು. ಹಳೆಯ ಮತ್ತು ಹೊಸ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ನೋಡುವವರು ಇವು ಎರಡು ಬೇರೆ ಹಕ್ಕಿಗಳೆಂದು ಗೊಂದಲಪಡುವುದು ಇಲ್ಲಿಯೇ.

ಪ್ರಶ್ನೆ: ನವರಂಗ ನೆಲದ ಮೇಲೆ ಕುಪ್ಪಳಿಸುತ್ತಾ ತರಗೆಲೆ ಕೆದಕುವುದನ್ನು ನೋಡಿದರೆ ಸಿಳ್ಳಾರದಂತೆಯೇ ಕಾಣುತ್ತದೆ. ಹಳೆಯ ಇಂಗ್ಲಿಷ್ ಪುಸ್ತಕಗಳೂ ಅದನ್ನು ನೆಲದ ಸಿಳ್ಳಾರವೆಂದೇ ಕರೆದಿವೆ. ಎರಡೂ ಒಂದೇ ಬಳಗದವಲ್ಲವೆ?

ಅಲ್ಲ. ಪಿಟ್ಟಾಗಳ ಬಗ್ಗೆ ತಿಳಿಯಬೇಕಾದ ಮುಖ್ಯ ಸಂಗತಿಯೇ ಇದು, ಆದ್ದರಿಂದ ತುಸು ವಿವರವಾಗಿ ಹೇಳುತ್ತೇವೆ.

ತರಗೆಲೆ ಮಗುಚಿ ಹುಳು ಹೆಕ್ಕುವ ಕೆಲಸಕ್ಕೆ ಉದ್ದನೆಯ ಗಟ್ಟಿ ಕಾಲು, ನೆಟ್ಟಗಿನ ನಿಲುವು, ನೆಲದತ್ತ ಬಾಗಿದ ದೃಷ್ಟಿ ಬೇಕು. ಒಂದೇ ಕಸುಬು ಹಿಡಿದ ಎರಡು ಹಕ್ಕಿಗಳು ಕಾಲಾಂತರದಲ್ಲಿ ಒಂದೇ ರೀತಿ ಕಂಡರೆ ಅಚ್ಚರಿಯಿಲ್ಲ. ಆದರೆ ಕಸುಬಿನ ಹೋಲಿಕೆಯಿಂದ ರಕ್ತಸಂಬಂಧ ಹೇಳಲಾಗದು.

ಗುಬ್ಬಚ್ಚಿ, ಕಾಗೆ, ಸಿಳ್ಳಾರ, ಮಡಿವಾಳ, ಗೊರವಂಕಗಳೆಲ್ಲ ಸೇರಿದ ದೊಡ್ಡ ಗಣವೊಂದಿದೆ (ಹತ್ತಿರದ ಕುಟುಂಬಗಳು ಸೇರಿ ಗಣ). ಕೊಂಬೆ ಹಿಡಿದು ಕೂರುವ ಪಾದ ಈ ಗಣದ ಗುರುತು. ಪಿಟ್ಟಾಗಳೂ ಇದೇ ಗಣದವು. ಆದರೆ ಗಣದೊಳಗೆ ಎರಡು ಮುಖ್ಯ ಕವಲುಗಳಿವೆ. ಮೊದಲನೆಯದು ಹಾಡುಹಕ್ಕಿಗಳದು, ಸಿಳ್ಳಾರ, ಕಾಗೆ, ಗುಬ್ಬಚ್ಚಿ ಎಲ್ಲವೂ ಅಲ್ಲಿವೆ. ಎರಡನೆಯದನ್ನು ಸಬ್‌ಆಸ್ಸೈನ್ ಎನ್ನುತ್ತಾರೆ, ಪಿಟ್ಟಾಗಳು ಇರುವುದು ಇಲ್ಲಿ. ಅಂದರೆ ಸಿಳ್ಳಾರಕ್ಕೆ ನವರಂಗಕ್ಕಿಂತ ಕಾಗೆಯೇ ಹತ್ತಿರದ ನೆಂಟ!

ಎರಡು ಕವಲುಗಳ ವ್ಯತ್ಯಾಸ ಗಂಟಲಿನೊಳಗಿದೆ. ಹಕ್ಕಿಗಳ ಧ್ವನಿಪೆಟ್ಟಿಗೆ ಇರುವುದು ಶ್ವಾಸನಾಳ ಎರಡಾಗಿ ಕವಲೊಡೆಯುವ ಜಾಗದಲ್ಲಿ. ಹಾಡುಹಕ್ಕಿಗಳಲ್ಲಿ ಅದನ್ನು ಹಲವು ಜೊತೆ ಸ್ನಾಯುಗಳು ಆಡಿಸುತ್ತವೆ, ಸಬ್‌ಆಸ್ಸೈನ್‌ಗಳಲ್ಲಿ ಆ ಏರ್ಪಾಡು ಬಹಳ ಸರಳ. ಹಾಡುಹಕ್ಕಿಯ ಮರಿ ಹಿರಿಯರ ಹಾಡು ಕೇಳಿ ಕಲಿಯುತ್ತದೆ. ಸಬ್‌ಆಸ್ಸೈನ್‌ಗಳಲ್ಲಿ ಬಹುತೇಕ ಹಕ್ಕಿಗಳ ಕೂಗು ಹುಟ್ಟಿನಿಂದಲೇ ಬರುತ್ತದೆ. ದಕ್ಷಿಣ ಅಮೆರಿಕದ ಬೆಲ್‌ಬರ್ಡ್‌ಗಳಂಥ ಅಪವಾದಗಳು ಕಡಿಮೆ. ಮಡಿವಾಳ ಹಕ್ಕಿ ಬೆಳಗಿನ ಜಾವ ಒಂದರ ಹಿಂದೊಂದು ಹೊಸ ತಿರುವು ಹಾಕುತ್ತಾ ಹಾಡಿದರೆ, ನವರಂಗದ್ದು ‘ವೀಟ್-ಟ್ಯೂ’ ಎಂಬ ಎರಡೇ ಸ್ವರ. ಮುಂಜಾನೆ ಮತ್ತು ಮುಸ್ಸಂಜೆ ಅದನ್ನೇ ಮತ್ತೆ ಮತ್ತೆ ಕೂಗುತ್ತದೆ. ತಮಿಳಿನಲ್ಲಿ ಅದಕ್ಕೆ ‘ಆರು ಮಣಿ ಕುರುವಿ’, ಆರು ಗಂಟೆಯ ಹಕ್ಕಿ, ಎಂಬ ಹೆಸರು ಬಂದದ್ದೂ ಹಾಗೆಯೇ.

ಸಬ್‌ಆಸ್ಸೈನ್‌ಗಳಲ್ಲಿ ಸಾವಿರಕ್ಕೂ ಹೆಚ್ಚು ಪ್ರಭೇದಗಳಿವೆ, ಹೆಚ್ಚುಕಡಿಮೆ ಎಲ್ಲವೂ ಅಮೆರಿಕ ಖಂಡಗಳಲ್ಲಿ. ಏಷ್ಯಾ, ಆಫ್ರಿಕಾಗಳ ಪಾಲಿಗೆ ಬಂದವು ಪಿಟ್ಟಾಗಳು, ಅಗಲ ಕೊಕ್ಕಿನ ಬ್ರಾಡ್‌ಬಿಲ್ ಹಕ್ಕಿಗಳು ಮತ್ತು ಮಡಗಾಸ್ಕರಿನ ಆಸಿಟಿ ಹಕ್ಕಿಗಳು ಮಾತ್ರ. ಭಾರತದಲ್ಲಿ ಬ್ರಾಡ್‌ಬಿಲ್‌ಗಳು ಹಿಮಾಲಯ ಮತ್ತು ಈಶಾನ್ಯದ ಕಾಡುಗಳಲ್ಲಷ್ಟೇ ಇವೆ. ಕರ್ನಾಟಕದ ಕಾಡಿನಲ್ಲಿ ಈ ಇಡೀ ಕವಲನ್ನು ಪ್ರತಿನಿಧಿಸುವ ಹಕ್ಕಿ ನವರಂಗವೊಂದೇ. ಪನಾಮಾದಿಂದ ಈಕ್ವೆಡಾರ್‌ವರೆಗೆ ಸಪಾಯೊವಾ ಎಂಬ ಪುಟ್ಟ ಹಸಿರು ಹಕ್ಕಿಯೊಂದಿದೆ. ಸುತ್ತಮುತ್ತಲಿನ ಅಮೆರಿಕದ ಹಕ್ಕಿಗಳ ಪೈಕಿ ಯಾವುದೂ ಅದಕ್ಕೆ ಹತ್ತಿರದ ನೆಂಟನಲ್ಲ. ಅದರ ನೆಂಟರು ಸಾಗರದಾಚೆಯ ಬ್ರಾಡ್‌ಬಿಲ್ ಮತ್ತು ಪಿಟ್ಟಾಗಳು. ಹೊರರೂಪ ನೋಡಿ ಇದನ್ನು ಊಹಿಸಲು ಸಾಧ್ಯವೇ ಇರಲಿಲ್ಲ.

ಪ್ರಶ್ನೆ: ನನ್ನ ಹಳೆಯ ಕೈಪಿಡಿಯಲ್ಲಿ ಎಲ್ಲ ಪಿಟ್ಟಾಗಳೂ ಪಿಟ್ಟಾ ಕುಲದಲ್ಲೇ ಇವೆ. ಹೊಸ ಪಟ್ಟಿಯಲ್ಲಿ ಹೈಡ್ರೊರ್ನಿಸ್, ಎರಿತ್ರೊಪಿಟ್ಟಾ ಎಂಬ ಹೆಸರುಗಳು ಬಂದಿವೆ. ಯಾವುದು ಸರಿ? ಬದಲಿಸಿದ್ದು ಯಾಕೆ?

ಸ್ವೀಡನ್ನಿನ ಸಂಶೋಧಕರ ತಂಡವೊಂದು 2006ರಲ್ಲಿ ವಸ್ತುಸಂಗ್ರಹಾಲಯಗಳಲ್ಲಿದ್ದ ಹಳೆಯ ಹಕ್ಕಿಚರ್ಮಗಳಿಂದ ಡಿಎನ್‌ಎ ತೆಗೆದು ಈ ಬಳಗದ ವಂಶವೃಕ್ಷ ಕಟ್ಟಿತು. ಪಿಟ್ಟಾಗಳು ಬಹಳ ಹಿಂದೆಯೇ ಮೂರು ಕವಲಾಗಿ ಬೇರೆಯಾಗಿದ್ದವೆಂದು ಅದರಲ್ಲಿ ಕಂಡುಬಂತು. ಆ ಮೂರಕ್ಕೂ ಒಂದೊಂದು ಕುಲದ ಹೆಸರು ಸಿಕ್ಕಿತು.

ಹೊಸ ಹೆಸರು ಹುಟ್ಟಿಸುವ ಅಗತ್ಯ ಬರಲಿಲ್ಲ. ಕೋಲ್ಕತ್ತದ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯ ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತ್ 1843ರಲ್ಲಿ ಇಟ್ಟಿದ್ದ ಹೈಡ್ರೊರ್ನಿಸ್, ಪಕ್ಷಿತಜ್ಞ ಚಾರ್ಲ್ಸ್ ಬೊನಪಾರ್ಟ್ 1854ರಲ್ಲಿ ಇಟ್ಟಿದ್ದ ಎರಿತ್ರೊಪಿಟ್ಟಾ ಎರಡೂ ಬಳಕೆ ತಪ್ಪಿ ಮೂಲೆಯಲ್ಲಿದ್ದವು. ಒಂದು ಗುಂಪಿಗೆ ಸಲ್ಲುವ ಹಳೆಯ ಹೆಸರು ಇದ್ದರೆ ಅದನ್ನೇ ಬಳಸಬೇಕು, ಹೊಸದು ಕೂಡದು.

ಯಾವುದು ಸರಿ ಎಂದಿರಿ. ಎಲ್ಲವನ್ನೂ ಒಂದೇ ಪಿಟ್ಟಾ ಕುಲದಲ್ಲಿ ಇಟ್ಟರೂ ವಂಶವೃಕ್ಷಕ್ಕೆ ಭಂಗವಿಲ್ಲ, ಏಕೆಂದರೆ ಮೂರೂ ಕವಲುಗಳು ಒಂದೇ ಬುಡದವು. ಆದರೆ ಮೂರು ಕುಲದ ಏರ್ಪಾಡು ಹೆಚ್ಚು ಹೇಳುತ್ತದೆ. ಹೈಡ್ರೊರ್ನಿಸ್ ಎಂದು ಕಂಡೊಡನೆ ಗಂಡು ಹೆಣ್ಣುಗಳ ಬಣ್ಣ ಬೇರೆ ಬೇರೆ ಎಂದು ಗೊತ್ತಾಗುತ್ತದೆ. ಎರಿತ್ರೊಪಿಟ್ಟಾ ಎಂದರೆ ಹೆಚ್ಚಿನವು ಕಡುಗೆಂಪು ಹೊಟ್ಟೆಯವು. ಮಲಯದಿಂದ ಪೂರ್ವಕ್ಕೆ, ಬೋರ್ನಿಯೊ, ಫಿಲಿಪ್ಪೀನ್ಸ್, ನ್ಯೂಗಿನಿಗಳವರೆಗೆ ಇರುತ್ತವೆ. ಪಿಟ್ಟಾದಲ್ಲಿ ಉಳಿದವು ಸಾಮಾನ್ಯವಾಗಿ ಹಸಿರು ಬೆನ್ನು, ರೆಕ್ಕೆಯಲ್ಲಿ ಹೊಳೆಯುವ ನೀಲಿ, ಗಂಡು ಹೆಣ್ಣು ಒಂದೇ ತರಹ. ಹರಹೂ ಅತಿ ದೊಡ್ಡದು: ಆಫ್ರಿಕಾದ ಎರಡು, ನಮ್ಮ ನವರಂಗ, ಜಪಾನ್ ಕೊರಿಯಾಗಳಲ್ಲಿ ಮರಿಮಾಡಿ ಚಳಿಗಾಲಕ್ಕೆ ಬೋರ್ನಿಯೊಗೆ ಹೋಗುವ ಫೇರಿ ಪಿಟ್ಟಾ, ಆಸ್ಟ್ರೇಲಿಯಾದ ನಾಯ್ಸಿ ಮತ್ತು ರೇನ್‌ಬೋ ಪಿಟ್ಟಾಗಳು ಎಲ್ಲವೂ ಇದರಲ್ಲಿವೆ. ಆದ್ದರಿಂದ ಹೊಸ ಪಟ್ಟಿಯನ್ನೇ ಬಳಸಿ ಎಂಬುದು ನಮ್ಮ ಸಲಹೆ.

ಕುಲ ಬದಲಾದಾಗ ಹೆಸರಿನ ಬಾಲವೂ ಬದಲಾಗುತ್ತದೆ. ಬ್ಲೈತ್ ‘ಪಿಟ್ಟಾ ಸಯಾನಿಯಾ’ ಎಂದಿದ್ದ ನೀಲಿ ಪಿಟ್ಟಾ ಈಗ ‘ಹೈಡ್ರೊರ್ನಿಸ್ ಸಯಾನಿಯಸ್’. ಪಕ್ಷಿತಜ್ಞ ಎ. ಓ. ಹ್ಯೂಮ್ 1875ರಲ್ಲಿ ಹೆಸರಿಟ್ಟ ‘ಪಿಟ್ಟಾ ಗರ್ನಿಯೈ’ ಈಗ ‘ಹೈಡ್ರೊರ್ನಿಸ್ ಗರ್ನಿಯೈ’, ಹ್ಯೂಮ್ ಹೆಸರು ಕಂಸದೊಳಕ್ಕೆ ಹೋಗಿದೆ. ಕಣ್ಮರೆಯಾಗಿತ್ತೆಂದುಕೊಂಡಿದ್ದ ಈ ಹಕ್ಕಿ 1986ರಲ್ಲಿ ಥಾಯ್ಲೆಂಡಿನಲ್ಲಿ, 2003ರಲ್ಲಿ ಮ್ಯಾನ್ಮಾರಿನಲ್ಲಿ ಮತ್ತೆ ಸಿಕ್ಕಿತು. ಹಳೆಯ ದಾಖಲೆ ಹುಡುಕುವಾಗ ಎರಡೂ ಹೆಸರಲ್ಲಿ ಹುಡುಕಿ, ಇಲ್ಲವಾದರೆ ಅರ್ಧ ಮಾಹಿತಿ ತಪ್ಪಿಹೋಗುತ್ತದೆ.

ಪ್ರಶ್ನೆ: ನೂರು ವರ್ಷದ ಒಣಗಿದ ಹಕ್ಕಿಚರ್ಮದಿಂದ ಡಿಎನ್‌ಎ ತೆಗೆಯುವುದು ಹೇಗೆ?

ಸಾಮಾನ್ಯವಾಗಿ ಕಾಲ್ಬೆರಳಿನ ಅಡಿಯ ಮೆತ್ತೆಯಿಂದ. ಅಲ್ಲಿ ಒಣಗಿದ ಜೀವಕೋಶಗಳು ಚೆನ್ನಾಗಿ ಉಳಿದಿರುತ್ತವೆ, ಅಕ್ಕಿಕಾಳಿಗಿಂತ ಚಿಕ್ಕ ಚೂರು ಕತ್ತರಿಸಿದರೆ ಮಾದರಿಯ ಅಂದವೂ ಕೆಡುವುದಿಲ್ಲ. ತೊಡಕು ಬೇರೆ ಕಡೆ ಇದೆ. ಹಳೆಯ ಡಿಎನ್‌ಎ ನುಚ್ಚುನುಚ್ಚಾಗಿರುತ್ತದೆ. ತಾಜಾ ರಕ್ತದಲ್ಲಿ ಸಾವಿರ ಅಕ್ಷರಗಳ ಭಾಗವನ್ನು ಒಂದೇ ಏಟಿಗೆ ಓದಬಹುದಾದರೆ, ಇಲ್ಲಿ ಇನ್ನೂರು ಮುನ್ನೂರು ಅಕ್ಷರಗಳ ತುಂಡುಗಳಾಗಿ ಓದಿ, ಒಂದರ ತುದಿ ಇನ್ನೊಂದರ ಮೇಲೆ ಬರುವಂತೆ ಜೋಡಿಸಬೇಕು. ಈಗಿನ ಹಕ್ಕಿಯ ಡಿಎನ್‌ಎ ಒಂದು ಕಣ ಸೇರಿದರೂ ಅದೇ ಮೇಲುಗೈ ಪಡೆದು ಹಳೆಯದನ್ನು ಮುಚ್ಚಿಬಿಡುತ್ತದೆ. ಅದಕ್ಕೇ ಹಳೆಯ ಮಾದರಿಗಳಿಗೆ ಪ್ರತ್ಯೇಕ ಕೋಣೆ, ಪ್ರತ್ಯೇಕ ಉಪಕರಣ ಇಟ್ಟು, ಪ್ರತಿ ಸುತ್ತಿನಲ್ಲೂ ಅಂಗಾಂಶವೇ ಇಲ್ಲದ ಖಾಲಿ ನಳಿಕೆಯೊಂದನ್ನು ಜೊತೆಗೆ ಓಡಿಸುತ್ತಾರೆ. ಖಾಲಿ ನಳಿಕೆಯಲ್ಲಿ ಡಿಎನ್‌ಎ ಕಂಡರೆ ಆ ಸುತ್ತಿನ ಫಲಿತಾಂಶವನ್ನೆಲ್ಲ ಕೈಬಿಡಬೇಕು.

ಪ್ರಶ್ನೆ: ಭಾರತದಲ್ಲಿ ಕಾಣುವ ಪಿಟ್ಟಾಗಳನ್ನು ಗುರುತಿಸಲು ಮೊದಲು ಏನು ನೋಡಬೇಕು?

ತಲೆ. ಮೈಬಣ್ಣ ಕಾಡಿನ ನೆರಳಿನಲ್ಲಿ ಮೋಸ ಮಾಡುತ್ತದೆ. ಅದೂ ಅಲ್ಲದೆ ಪಿಟ್ಟಾ ನಿಮ್ಮನ್ನು ಕಂಡೊಡನೆ ಹಸಿರು ಬೆನ್ನು ತಿರುಗಿಸಿ ಸ್ತಬ್ಧವಾಗಿ ನಿಲ್ಲುತ್ತದೆ. ಬಣ್ಣವೆಲ್ಲ ಹೊಟ್ಟೆಯ ಕಡೆ ಅಡಗುತ್ತದೆ.

ನೆತ್ತಿ ತಿಳಿಗಂದು, ಅದರ ನಡುವೆ ಬೈತಲೆಯಂತೆ ಕಪ್ಪು ಪಟ್ಟೆ, ಕಣ್ಣಿನ ಮೇಲೆ ಬಿಳಿ ಹುಬ್ಬು, ಕಣ್ಣನ್ನು ಹಾದುಹೋಗುವ ದಪ್ಪ ಕಪ್ಪು ಗೆರೆ: ಇಷ್ಟು ಕಂಡರೆ ನವರಂಗವೇ. ಸುಮಾರು 17ರಿಂದ 19 ಸೆಂ.ಮೀ. ಉದ್ದ, ಬಾಲದ ಬುಡದಡಿ ಕೆಂಪು. ಸುಂದರಬನ ಅಥವಾ ಒಡಿಶಾದ ಭಿತರ್‌ಕನಿಕಾದ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನಲ್ಲಿದ್ದರೆ ಕೊಕ್ಕು ನೋಡಿ. ಮ್ಯಾಂಗ್ರೋವ್ ಪಿಟ್ಟಾದ ಕೊಕ್ಕು ಎದ್ದು ಕಾಣುವಷ್ಟು ದಪ್ಪ, ನವರಂಗದ ಬಿಳಿ ಹುಬ್ಬು ಅದಕ್ಕಿಲ್ಲ. ಈಶಾನ್ಯದಲ್ಲೂ ಅಂಡಮಾನ್-ನಿಕೋಬಾರಿನಲ್ಲೂ ಕರಿತಲೆಯ ಹೂಡೆಡ್ ಪಿಟ್ಟಾ ಇದೆ: ಕಪ್ಪು ತಲೆ, ಕಂದು ನೆತ್ತಿ, ಹಸಿರು ಮೈ, ಗೊಂದಲಕ್ಕೆ ಎಡೆಯೇ ಇಲ್ಲ. ಈ ಮೂರೂ ಪಿಟ್ಟಾ ಕುಲದವು.

ಹೈಡ್ರೊರ್ನಿಸ್ ಕುಲದ ಎರಡು ಈಶಾನ್ಯದಲ್ಲಿವೆ. ನೀಲಿಕತ್ತಿನ ಪಿಟ್ಟಾ ಸುಮಾರು 25 ಸೆಂ.ಮೀ., ಗಂಡಿಗೆ ಹಿಂಗತ್ತು ನೀಲಿ, ಹೆಣ್ಣಿಗೆ ಹಸಿರು. ಇನ್ನೊಂದು ನೀಲಿ ಪಿಟ್ಟಾ, ಗಂಡಿನ ಬೆನ್ನು ಪೂರ್ತಿ ನೀಲಿ, ಹೊಟ್ಟೆಯ ಮೇಲೆ ಅಡ್ಡಪಟ್ಟೆ. ಎರಿತ್ರೊಪಿಟ್ಟಾಗಳು ನಮ್ಮಲ್ಲಿಲ್ಲ.

ಪ್ರಶ್ನೆ: ಪಿಟ್ಟಾ ಪ್ರಭೇದಗಳ ಸಂಖ್ಯೆ ಒಂದು ಕಡೆ ಮೂವತ್ತು ಚಿಲ್ಲರೆ, ಇನ್ನೊಂದು ಕಡೆ ನಲವತ್ತು ಚಿಲ್ಲರೆ ಎಂದಿದೆ. ಹೊಸ ಹಕ್ಕಿಗಳು ಸಿಕ್ಕವೆ?

ಹೊಸದಾಗಿ ಸಿಕ್ಕದ್ದಲ್ಲ, ಹಳೆಯವನ್ನೇ ಒಡೆದದ್ದು. ದ್ವೀಪಗಳಲ್ಲಿ ಹರಡಿರುವ ಕೆಂಪುಹೊಟ್ಟೆಯ ಪಿಟ್ಟಾವನ್ನು ಬಹುಕಾಲ ಒಂದೇ ಪ್ರಭೇದವೆಂದು ಎಣಿಸುತ್ತಿದ್ದರು. ಡಿಎನ್‌ಎ ಮತ್ತು ಬಣ್ಣ ಎರಡನ್ನೂ ನೋಡಿದ 2013ರ ಅಧ್ಯಯನವೊಂದು ಅದನ್ನೇ 17 ಪ್ರಭೇದಗಳಾಗಿ ಬಿಡಿಸಿತು. ಎಲ್ಲ ಪಟ್ಟಿಗಳೂ ಅಷ್ಟನ್ನೂ ಒಪ್ಪಲಿಲ್ಲ. ಲೆಕ್ಕ ಬೇರೆಯಾಗುವುದು ಇಲ್ಲಿ.

ಎಲ್ಲಿ ಗೆರೆ ಎಳೆಯಬೇಕು? ಎರಡು ದ್ವೀಪಗಳ ಹಕ್ಕಿಗಳು ಒಂದನ್ನೊಂದು ಸಂಧಿಸುವುದೇ ಇಲ್ಲವಾದ್ದರಿಂದ, ಕೂಡಿ ಮರಿಮಾಡುತ್ತವೋ ಇಲ್ಲವೋ ಎಂದು ನೋಡುವ ದಾರಿ ಮುಚ್ಚಿದೆ. ಅದಕ್ಕೆ 2010ರಲ್ಲಿ ಅಂಕ ಹಾಕುವ ಕ್ರಮವೊಂದು ಬಂತು. ಪ್ರತಿ ವ್ಯತ್ಯಾಸಕ್ಕೂ ಅದರ ಗಾತ್ರ ನೋಡಿ ಅಂಕ: ಅಲ್ಪವಾದರೆ 1, ಮಧ್ಯಮಕ್ಕೆ 2, ದೊಡ್ಡದಕ್ಕೆ 3, ಅಸಾಧಾರಣವಾದರೆ 4. ಬಣ್ಣ ಮತ್ತು ರೂಪದಲ್ಲಿ ಹೆಚ್ಚೆಂದರೆ ಮೂರು, ಕೂಗಿನಲ್ಲಿ ಎರಡು, ಅಳತೆಯಲ್ಲಿ ಎರಡು, ನಡವಳಿಕೆ ಅಥವಾ ಆವಾಸದಲ್ಲಿ ಒಂದು ಲಕ್ಷಣವನ್ನಷ್ಟೇ ಎಣಿಸಬಹುದು. ಒಟ್ಟು 7 ದಾಟಿದರೆ ಅಥವಾ ಮುಟ್ಟಿದರೆ ಬೇರೆ ಪ್ರಭೇದ. ಚಿಲ್ಲರೆ ವ್ಯತ್ಯಾಸಗಳನ್ನೇ ಕೂಡಿಸಿ ಏಳು ಮಾಡುವಂತಿಲ್ಲ.

ಈ ಕ್ರಮದ ಬಲ ಅದರ ಬಿಚ್ಚುಮನಸ್ಸಿನಲ್ಲಿದೆ: ಯಾಕೆ ಒಡೆದರು ಎಂದು ಯಾರು ಬೇಕಾದರೂ ಮರುಲೆಕ್ಕ ಹಾಕಬಹುದು. ದೌರ್ಬಲ್ಯವೂ ಇದೆ. ಡಿಎನ್‌ಎಗೆ ಇಲ್ಲಿ ಅಂಕವಿಲ್ಲ, ಏಳು ಎಂಬ ಗಡಿಯನ್ನು ಮನುಷ್ಯರೇ ಇಟ್ಟುಕೊಂಡದ್ದು. ನಿಕೋಬಾರಿನ ಕರಿತಲೆಯ ಪಿಟ್ಟಾವನ್ನು ಕೆಲವು ಪಟ್ಟಿಗಳು ಬೇರೆ ಪ್ರಭೇದವಾಗಿ ಎಣಿಸುತ್ತವೆ, ಕೆಲವು ಇಲ್ಲ. ಪಟ್ಟಿಗಳನ್ನು ಒಂದುಗೂಡಿಸುವ ಉದ್ದೇಶದ ಆವಿಲಿಸ್ಟ್ ಎಂಬ ಜಾಗತಿಕ ಪಟ್ಟಿ 2025ರಲ್ಲಿ ಹೊರಬಂದಿದೆ. ನೀವು ಲೇಖನವನ್ನೋ ವರದಿಯನ್ನೋ ಬರೆಯುವುದಾದರೆ ಯಾವ ಪಟ್ಟಿ, ಯಾವ ವರ್ಷದ್ದು ಎಂದು ಒಂದು ಸಾಲು ಸೇರಿಸಿ. ಆ ಒಂದು ಸಾಲಿಲ್ಲದೆ ‘ಇಷ್ಟು ಪ್ರಭೇದ’ ಎನ್ನುವ ಅಂಕಿಗೆ ಬೆಲೆಯಿಲ್ಲ.

ಪ್ರಶ್ನೆ: ನವರಂಗದಲ್ಲಿ ನಿಜಕ್ಕೂ ಒಂಬತ್ತು ಬಣ್ಣಗಳಿವೆಯೆ?

ಹಸಿರು ಬೆನ್ನು, ನೀಲಿ ಭುಜ, ಕಪ್ಪು ಗೆರೆ, ಬಿಳಿ ಗಂಟಲು, ತಿಳಿಗಂದು ಎದೆ, ಕೆಂಪು ಪೃಷ್ಠ, ನಸುಗೆಂಪು ಕಾಲು. ಛಾಯೆಗಳನ್ನು ಬಿಡಿಸಿ ಎಣಿಸಿದರೆ ಒಂಬತ್ತಕ್ಕೆ ಹೋಗುತ್ತದೆ, ಹೆಸರಿಟ್ಟವರು ಎಣಿಸಿ ಇಟ್ಟಿರಲಿಕ್ಕಿಲ್ಲ. ಹಕ್ಕಿಗಳ ಗರಿಯಲ್ಲಿ ನೀಲಿ ಬಣ್ಣದ್ರವ್ಯ ಇರುವುದಿಲ್ಲ. ಗರಿಯೆಳೆಯೊಳಗಿನ ಸ್ಪಂಜಿನಂಥ ಸೂಕ್ಷ್ಮ ರಚನೆ ನೀಲಿ ಬೆಳಕನ್ನು ಚದುರಿಸುತ್ತದೆ. ಕಾಡಿನಲ್ಲಿ ನೀಲಿ ಗರಿಯೊಂದು ಬಿದ್ದಿದ್ದರೆ ಬೆಳಕಿಗೆ ಅಡ್ಡ ಹಿಡಿದು ನೋಡಿ. ನೀಲಿ ಮಾಯವಾಗಿ ಮಂಕು ಕಂದು ಉಳಿಯುತ್ತದೆ. ನೋಡಿ ಅಲ್ಲೇ ಬಿಡಿ.

ಪ್ರಶ್ನೆ: ರಾತ್ರಿ ಕಳೆದು ಬೆಳಗಾದಾಗ ನವರಂಗವೊಂದು ಮನೆಯ ಮೂಲೆಯಲ್ಲಿ ಕೂತಿತ್ತು, ಹಾರಲಿಲ್ಲ. ಅಕ್ಕಿ, ನೀರು ಕೊಟ್ಟರೂ ಮುಟ್ಟಲಿಲ್ಲ. ಏನು ಮಾಡಬೇಕಿತ್ತು?

ನವರಂಗ ವಲಸೆಹಕ್ಕಿ. ಹಿಮಾಲಯದ ತಪ್ಪಲು, ಮಧ್ಯಭಾರತ, ಪಶ್ಚಿಮಘಟ್ಟಗಳಲ್ಲಿ ಮುಂಗಾರಿನ ಹೊತ್ತಿಗೆ ಮರಿಮಾಡಿ, ಚಳಿಗಾಲಕ್ಕೆ ದಕ್ಷಿಣ ಭಾರತ ಮತ್ತು ಶ್ರೀಲಂಕಾಕ್ಕೆ ಇಳಿಯುತ್ತದೆ. ಹೋಗುವಾಗಲೂ ಬರುವಾಗಲೂ ರಾತ್ರಿ ಹಾರುತ್ತದೆ. ದಣಿದದ್ದು ದೀಪದ ಬೆಳಕಿಗೆ ದಾರಿ ತಪ್ಪಿ ಕಿಟಕಿಗಾಜಿಗೆ ಬಡಿಯುತ್ತದೆ ಅಥವಾ ಮನೆಯೊಳಗೆ ಬಂದು ಕೂರುತ್ತದೆ.

ಮೊದಲು ಬೆಕ್ಕು ನಾಯಿಗಳನ್ನು ದೂರವಿಡಿ, ಫ್ಯಾನ್ ನಿಲ್ಲಿಸಿ. ತೆಳು ಹತ್ತಿಬಟ್ಟೆಯನ್ನು ಹಕ್ಕಿಯ ಮೇಲೆ ಹಾಕಿ, ರೆಕ್ಕೆಗಳು ಮೈಗೆ ಒತ್ತಿರುವಂತೆ ಎರಡೂ ಕೈಯಲ್ಲಿ ಎತ್ತಿ. ಎದೆ ಹಿಸುಕಬೇಡಿ. ಹಕ್ಕಿಗೆ ನಮ್ಮಂತೆ ಉಸಿರಾಡಿಸುವ ವಪೆ (ಎದೆ ಮತ್ತು ಹೊಟ್ಟೆಯ ನಡುವಿನ ಸ್ನಾಯುಪರದೆ) ಇಲ್ಲ, ಎದೆಗೂಡು ಅಲುಗಿದರೆ ಮಾತ್ರ ಉಸಿರು. ಮುಚ್ಚಳವಿರುವ ರಟ್ಟಿನ ಪೆಟ್ಟಿಗೆಗೆ ಪೆನ್ಸಿಲ್ ದಪ್ಪದ ಏಳೆಂಟು ತೂತು ಹಾಕಿ, ಅಡಿಗೆ ಜಾರದ ಬಟ್ಟೆ ಹಾಸಿ, ಹಕ್ಕಿಯನ್ನು ಒಳಗಿಟ್ಟು ಮುಚ್ಚಿ. ಕತ್ತಲೆಯೇ ಮದ್ದು. ಸದ್ದಿಲ್ಲದ ಕಡೆ ಒಂದೆರಡು ಗಂಟೆ ಬಿಡಿ, ನಡುನಡುವೆ ತೆರೆದು ನೋಡಬೇಡಿ. ತಂತಿಪಂಜರ ಬೇಡ, ಗಾಬರಿಯಲ್ಲಿ ಬಡಿದುಕೊಂಡು ಕೊಕ್ಕಿನ ಬುಡ ಗಾಯವಾಗುತ್ತದೆ.

ಅಕ್ಕಿ ಮುಟ್ಟದ್ದು ಸಹಜ. ಅದರ ಆಹಾರ ಎರೆಹುಳು, ಕೀಟ, ಬಸವನಹುಳು. ಕೊಕ್ಕಿಗೆ ನೀರು ಹನಿಸುವುದೇ ಜನ ಹೆಚ್ಚಾಗಿ ಮಾಡುವ ತಪ್ಪು. ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲೇ ಇರುವುದರಿಂದ ನೀರು ಪುಪ್ಪುಸಕ್ಕೆ ಇಳಿಯಬಹುದು.

ಪೆಟ್ಟಿಗೆಯೊಳಗೆ ಓಡಾಡುವ ಸದ್ದು ಕೇಳಿದರೆ ಹಗಲಿನಲ್ಲೇ ಪೊದೆ, ತರಗೆಲೆ ಇರುವ ನೆರಳಿನ ಜಾಗಕ್ಕೆ ಒಯ್ದು ಪೆಟ್ಟಿಗೆಯನ್ನು ನೆಲದ ಮೇಲಿಟ್ಟು ತೆರೆಯಿರಿ. ಗಾಳಿಗೆ ಎಸೆಯಬೇಡಿ. ರೆಕ್ಕೆ ಜೋತುಬಿದ್ದಿದ್ದರೆ, ಕೊಕ್ಕಿನಲ್ಲಿ ರಕ್ತವಿದ್ದರೆ, ನಿಲ್ಲಲಾಗದಿದ್ದರೆ ಅದೇ ಪೆಟ್ಟಿಗೆಯಲ್ಲಿ ಅರಣ್ಯ ಇಲಾಖೆಗೋ ಪಶುವೈದ್ಯರಿಗೋ ತಲುಪಿಸಿ. ಮನೆಯಲ್ಲಿ ಸಾಕುವ ಯೋಚನೆ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ.

ಪ್ರಶ್ನೆ: ಮೊಬೈಲಿನಲ್ಲಿ ಕೂಗು ಹಾಕಿದರೆ ನವರಂಗ ಹತ್ತಿರ ಬರುತ್ತದಂತೆ. ಹಾಗೆ ಮಾಡಬಹುದೆ?

ಬರುತ್ತದೆ, ಆದರೆ ಮಾಡಬೇಡಿ. ಎದುರಾಳಿ ತನ್ನ ಜಾಗಕ್ಕೆ ನುಗ್ಗಿದನೆಂದು ಅದು ಬರುವುದು. ಗೂಡು ನೆಲದ ಮೇಲೆ ಅಥವಾ ತಗ್ಗಿನ ಕೊಂಬೆಯಲ್ಲಿ, ಒಣಗಿದ ಎಲೆ ಹುಲ್ಲಿನ ದುಂಡನೆಯ ಉಂಡೆಯಂತಿದ್ದು, ಪಕ್ಕದಲ್ಲಿ ಬಾಯಿರುತ್ತದೆ. ಒಳಗೆ ನಾಲ್ಕೈದು ಮೊಟ್ಟೆ. ಇಲ್ಲದ ಎದುರಾಳಿಯ ಬೆನ್ನುಹತ್ತಿದಷ್ಟು ಹೊತ್ತು ಅದು ಗೂಡಿನ ಕೆಲಸ ಬಿಟ್ಟಿರುತ್ತದೆ.

ಕಿವಿಯನ್ನೇ ನಂಬಿ. ಮುಂಗಾರಿಗೆ ಸ್ವಲ್ಪ ಮುಂಚೆ, ನಸುಕಿನಲ್ಲಿ ಕೂಗು ಬಂದ ದಿಕ್ಕು ಗೊತ್ತುಮಾಡಿಕೊಂಡು, ಒದ್ದೆ ತರಗೆಲೆಯ ಹಳ್ಳದ ಬದಿ ಹುಡುಕಿ ಮರಕ್ಕೆ ಒರಗಿ ಅರ್ಧ ಗಂಟೆ ಕದಲದೆ ಕೂರಿ. ಕಣ್ಣಿಗೆ ಬೀಳುವ ಮೊದಲು ಸದ್ದು ಬರುತ್ತದೆ: ಎಲೆ ಮಗುಚಿದ ಸರಕ್ ಸದ್ದು, ಆಮೇಲೆ ಮೌನ, ಮತ್ತೆ ಸರಕ್. ಹಲ್ಲಿ, ಓತಿಕ್ಯಾತ ಓಡಿದರೆ ಸದ್ದು ಎಡೆಬಿಡದೆ ಕೇಳುತ್ತದೆ. ನವರಂಗ ಎರಡು ಕುಪ್ಪಳಿಸಿ ನಿಂತು, ಎಲೆ ಎತ್ತಿ ಪಕ್ಕಕ್ಕೆ ಎಸೆದು, ಮತ್ತೆ ನಿಲ್ಲುತ್ತದೆ. ಆ ನಿಲುಗಡೆ ಕೇಳಿಸಿದ ಕಡೆಗೆ ದುರ್ಬೀನು ಮೊದಲೇ ಹಿಡಿದಿರಿ.